187 ಬಾತ್ ಕಡಿಮೆ ಬಿದ್ದ ವರ್ಷ: ಥಾಯ್ಲೆಂಡಿನ ವಲಸೆ ಕಚೇರಿಯಲ್ಲಿ ಒಂದು ಮದುವೆಯ ಕಾಗದಪತ್ರ

ಹೆಂಡತಿಯ ದೇಶದಲ್ಲಿ ಇರುವ ವರ್ಷದ ಅನುಮತಿಯನ್ನು ಮುಂದುವರಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ ಈ ಪ್ರಕರಣ ನನ್ನ ಗೆಳೆಯನದು. ಕರ್ನಾಟಕದವನು, ಥಾಯ್ ಹೆಂಗಸನ್ನು ಮದುವೆಯಾಗಿ ಆ ದೇಶದ ಈಶಾನ್ಯ ಭಾಗದಲ್ಲಿ, ಅಂದರೆ ಇಸಾನ್ ಎಂದು ಕರೆಯುವ ಸೀಮೆಯಲ್ಲಿ, ನೆಲೆಸಿದ್ದಾನೆ. ಹೆಸರು, ಪ್ರಾಂತ, ಶಾಲೆ, ಬ್ಯಾಂಕು, ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ದಿನಾಂಕಗಳ ನಡುವಿನ ಅಂತರ ಮತ್ತು ಹಣದ ಲೆಕ್ಕವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಕಥೆ ಇರುವುದು ಅದರಲ್ಲೇ. ವಲಸೆ ಕಚೇರಿಗೆ ಅವನು ಹೋದ ನಾಲ್ಕು ಸಲಗಳಲ್ಲಿ ಎರಡು ಸಲ ನಾನೂ ಜತೆಗಿದ್ದೆ.

ಹಿನ್ನೆಲೆ

ಗೆಳೆಯನಿಗೆ ನಲವತ್ತೈದರ ಆಸುಪಾಸು. ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ಸಂಬಳ ತಿಂಗಳಿಗೆ 32,000 ಬಾತ್ (ಬಾತ್ ಎಂದರೆ ಥಾಯ್ಲೆಂಡಿನ ಹಣ). ಹೆಂಡತಿಗೆ ಮನೆಯ ಮುಂದೆಯೇ ಹೊಲಿಗೆ ಅಂಗಡಿ. ಇರುವುದು ಅತ್ತೆಯ ಮನೆಯಲ್ಲಿ. ಮದುವೆಯಾಗಿ ಎಂಟು ವರ್ಷ.

ಮದುವೆ ಎರಡು ಸಲ ಆಯಿತು ಎನ್ನಬೇಕು. ಮೊದಲನೆಯದು ಊರಿನ ಹಿರಿಯರು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹರಸಿದ್ದು. ಭಿಕ್ಷುಗಳ ಪಠಣ, ಊಟ, ಹಾಡು ಎಲ್ಲವೂ ಇತ್ತು. ಕಾನೂನಿನ ಕಣ್ಣಿಗೆ ಅದು ಶೂನ್ಯ. ನಮ್ಮಲ್ಲಿ ಹಿಂದೂ ವಿವಾಹ ಕಾಯ್ದೆ ಸಪ್ತಪದಿಗೆ ಒಂದು ಬೆಲೆ ಕೊಡುತ್ತದೆ. ಥಾಯ್ ಸಿವಿಲ್ ಸಂಹಿತೆಯಲ್ಲಿ ನೋಂದಣಿಯಾದರಷ್ಟೇ ಮದುವೆ. ಹಾಗಾಗಿ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಿಂದ ತಾನು ಅವಿವಾಹಿತ ಎಂಬ ಪ್ರಮಾಣಪತ್ರ ತಂದು, ಅದನ್ನು ಥಾಯ್ ಭಾಷೆಗೆ ಅನುವಾದ ಮಾಡಿಸಿ, ವಿದೇಶಾಂಗ ಸಚಿವಾಲಯದ ಮುದ್ರೆ ಹಾಕಿಸಿ, ಆಮೇಲೆ 'ಆಂಫೋ'ಗೆ ಹೋದರು. ಆಂಫೋ ಎಂದರೆ ನಮ್ಮ ತಾಲ್ಲೂಕು ಕಚೇರಿ ಇದ್ದ ಹಾಗೆ. ಅಲ್ಲಿ ಎರಡು ಬಗೆಯ ಕಾಗದ ಹುಟ್ಟುತ್ತವೆ. 'ಕೊ ರೊ 3' ಹೂಬಳ್ಳಿಯ ಅಂಚಿನ ಚೆಂದದ ಪ್ರಮಾಣಪತ್ರ, ಗಂಡನಿಗೊಂದು, ಹೆಂಡತಿಗೊಂದು. 'ಕೊ ರೊ 2' ರಿಜಿಸ್ಟರಿನ ನೀರಸ ಪುಟ. ಜನ ಮೊದಲನೆಯದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ವಲಸೆ ಕಚೇರಿಗೆ ಮುಖ್ಯವಾಗಿ ಬೇಕಾಗುವುದು ಎರಡನೆಯದು, ಅದೂ ಇತ್ತೀಚೆಗೆ ಆಂಫೋದಿಂದ ತೆಗೆಸಿದ ಹೊಸ ಪ್ರತಿ. ಮದುವೆ ಇನ್ನೂ ಮುರಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಕಡೆಯವರಿಗೆ ಹೆಸರಿನ ತಾಪತ್ರಯ ಬೇರೆ. ಗೆಳೆಯನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಊರು, ಅಪ್ಪ, ತಾನು ಮೂವರೂ 'ಕೊಟ್ಟ ಹೆಸರು' ಎಂಬ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಥಾಯ್ ಲಿಪಿಯಲ್ಲಿ ನಮ್ಮ ಘ, ಝ, ಧ, ಭಗಳಿಗೆ ಸಂಸ್ಕೃತದಿಂದ ಬಂದ ಪ್ರತ್ಯೇಕ ಅಕ್ಷರಗಳಿವೆ, ಆದರೆ ಬಾಯಲ್ಲಿ ಅವು ಖ, ಛ, ಥ, ಫ ಆಗಿಬಿಡುತ್ತವೆ. ಆದ್ದರಿಂದ ಒಬ್ಬ ಗುಮಾಸ್ತ ಒಂದು ಅಕ್ಷರದಲ್ಲಿ ಬರೆದ ಹೆಸರನ್ನು ಇನ್ನೊಬ್ಬ ಇನ್ನೊಂದು ಅಕ್ಷರದಲ್ಲಿ ಬರೆಯುತ್ತಾನೆ. ಮೊದಲ ವರ್ಷ ಇದೇ ಕಾರಣಕ್ಕೆ ಒಂದು ಓಡಾಟ ದಂಡವಾಗಿತ್ತು. ಅಂದಿನಿಂದ ಕೊ ರೊ 2ರಲ್ಲಿರುವ ಕಾಗುಣಿತವನ್ನೇ ಒಂದು ಚೀಟಿಯಲ್ಲಿ ಬರೆದು ಹೆಂಡತಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾರು ಹೆಸರು ಬರೆಯಲು ಕೂತರೂ ಚೀಟಿ ಮುಂದೆ ಹಿಡಿಯುತ್ತಾಳೆ.

ಮದುವೆಯ ಆಧಾರದ ವಾಸ್ತವ್ಯವನ್ನೇ ಅವನು ಆಯ್ದುಕೊಂಡದ್ದಕ್ಕೆ ಒಂದು ಕಾರಣವಿದೆ. ಮೊದಲು ಅವನು ಕೆಲಸದ ಆಧಾರದ ಮೇಲೆ ಇದ್ದ. ಆ ಬಗೆಯಲ್ಲಿ ಕೆಲಸ ಮುಗಿದರೆ ದೇಶದಲ್ಲಿರುವ ಅನುಮತಿಯೂ ಮುಗಿದ ಹಾಗೆ. ಥಾಯ್ ಶಾಲೆಗಳ ವರ್ಷ ಮಾರ್ಚಿಗೆ ಮುಗಿದು ಮೇ ನಡುವಿಗೆ ಮತ್ತೆ ಶುರುವಾಗುತ್ತದೆ. ಗುತ್ತಿಗೆ ಮುಂದುವರಿಯದ ವರ್ಷ ಆ ಎರಡು ತಿಂಗಳು ಎದೆ ಡವಡವ. ಮದುವೆಯ ಆಧಾರಕ್ಕೆ ಬದಲಾದ ಮೇಲೆ, ಕೆಲಸದ ಪರವಾನಗಿ ಪ್ರತ್ಯೇಕವಾಗಿ ಪಡೆದು ದುಡಿಯಬಹುದು, ಶಾಲೆ ಬಿಟ್ಟರೂ ಮನೆ ಬಿಡಬೇಕಾಗಿಲ್ಲ.

ಆ ನೆಮ್ಮದಿಗೆ ಇರುವ ಬೆಲೆ ನಾಲ್ಕು ಲಕ್ಷ ಬಾತ್. ಥಾಯ್ ಹೆಂಡತಿಯ ವಿದೇಶಿ ಗಂಡ ಒಂದೋ ತಿಂಗಳಿಗೆ 40,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ತನ್ನ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿ 4,00,000 ಬಾತ್ ಇಟ್ಟಿರಬೇಕು. (ಗಂಡ ಥಾಯ್, ಹೆಂಡತಿ ವಿದೇಶಿ ಆದರೆ ಈ ಹಣದ ಷರತ್ತೇ ಇಲ್ಲ. ದುಡಿದು ಸಾಕುವವನು ಗಂಡು ಎಂಬ ಹಳೆಯ ನಂಬಿಕೆ ನಿಯಮದ ಪುಸ್ತಕದಲ್ಲಿ ಹಾಯಾಗಿ ಕೂತಿದೆ.) ಹಣ ಇದ್ದರಷ್ಟೇ ಸಾಲದು. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ತಿಂಗಳು ಪೂರ್ತಿ, ಒಂದು ದಿನವೂ ಕೆಳಗಿಳಿಯದೆ, ಅದು ಅಲ್ಲೇ ಕೂತಿರಬೇಕು. ಅಲ್ಲಿನ ವಿದೇಶಿಯರು ಹಣ 'ಮಾಗಬೇಕು' ಎಂಬರ್ಥದ ಮಾತನ್ನು ಬಳಸುತ್ತಾರೆ. ಗೆಳೆಯ ಅದನ್ನು ಉಪ್ಪಿನಕಾಯಿ ಭರಣಿ ಎನ್ನುತ್ತಿದ್ದ: ಬಾಯಿ ಕಟ್ಟಿ ಇಟ್ಟ ಮೇಲೆ ಮುಟ್ಟಬಾರದು.

ಥಾಯ್ ಭಾಷೆಯಲ್ಲಿ ಲಕ್ಷಕ್ಕೆ 'ಸೇನ್' ಎಂಬ ಒಂದೇ ಪದವಿದೆ. 'ಸೀ ಸೇನ್' ಎಂದರೆ ನಾಲ್ಕು ಲಕ್ಷ. ಬಿಳಿಯರು ನಾಲ್ಕುನೂರು ಸಾವಿರ ಎಂದು ಬೆರಳು ಮಡಚುವಾಗ ನಮ್ಮವನು, ಲಕ್ಷದ ಲೆಕ್ಕ ನಮಗೆ ಹುಟ್ಟುಗುಣ ಎಂದು ಜಂಬ ಕೊಚ್ಚುತ್ತಿದ್ದ. ಆ ವರ್ಷ ಲೆಕ್ಕ ಕೈಕೊಟ್ಟದ್ದು ಲಕ್ಷದಲ್ಲಲ್ಲ, ನೂರರಲ್ಲಿ.

ಸಮಸ್ಯೆ

ದೇಶದಲ್ಲಿರುವ ಅವನ ವರ್ಷದ ಅನುಮತಿ ನವೆಂಬರ್ 14ಕ್ಕೆ ಮುಗಿಯುವುದಿತ್ತು. ಮುಗಿಯುವುದಕ್ಕೆ ಮೂವತ್ತು ದಿನ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಅವನು ಹೋದದ್ದು ನವೆಂಬರ್ 2ರಂದು, ಹನ್ನೆರಡು ದಿನ ಉಳಿದಿರುವಾಗ.

ಬೆಳಿಗ್ಗೆ ಎಂಟಕ್ಕೆ ಟೋಕನ್, ಹತ್ತೂವರೆಗೆ ಕರೆ. ಮೇಜಿನ ಮೇಲೆ ಹೆಂಡತಿ ಜೋಡಿಸಿದ ಕಾಗದದ ರಾಶಿ: ಅನುಮತಿಯ ವಿಸ್ತರಣೆ ಕೇಳುವ ಟಿಎಂ-7 ಅರ್ಜಿ, ಪಾಸ್‌ಪೋರ್ಟಿನ ಪ್ರತಿಗಳು, ಕೊ ರೊ 2, ಕೊ ರೊ 3, ಅವಳ ಗುರುತಿನ ಚೀಟಿ, 'ತಬಿಯನ್ ಬಾನ್' ಎಂಬ ನೀಲಿ ಹೊದಿಕೆಯ ಮನೆ ನೋಂದಣಿ ಪುಸ್ತಕದ ಪ್ರತಿ, ಮನೆಯ ಯಜಮಾನಿಯಾದ ಅತ್ತೆಯ ಒಪ್ಪಿಗೆ, ಮನೆಗೆ ಬರುವ ದಾರಿಯ ಕೈನಕ್ಷೆ, ಫೋಟೋಗಳು, ಬ್ಯಾಂಕಿನ ಪತ್ರ. ಎಲ್ಲವೂ ಎರಡೆರಡು ಕಟ್ಟು. ಪ್ರತಿ ನಕಲಿನ ಮೇಲೂ ನೀಲಿ ಶಾಯಿಯಲ್ಲಿ 'ಸಮ್ನಾವ್ ಥೂಕ್ ತೊಂಗ್', ಅಂದರೆ ನಕಲು ಸರಿಯಿದೆ, ಎಂದು ಬರೆದು ಸಹಿ. ಅಷ್ಟನ್ನೂ ಬರೆಯಲು ಅವಳಿಗೆ ಹಿಂದಿನ ರಾತ್ರಿ ಒಂದು ಗಂಟೆ ಹಿಡಿದಿತ್ತು.

ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಮದುವೆಯ ಕಾಗದಗಳನ್ನು ಸರಸರನೆ ತಿರುವಿ ಪಕ್ಕಕ್ಕಿಟ್ಟಳು. ಬ್ಯಾಂಕ್ ಪುಸ್ತಕಕ್ಕೆ ಬಂದಾಗ ಕೈ ನಿಧಾನವಾಯಿತು. ಪೆನ್ಸಿಲ್ಲಿನ ತುದಿಯನ್ನು ಬಾಕಿ ಹಣದ ಸಾಲಿನ ಮೇಲಿಟ್ಟು ಒಂದೊಂದೇ ಸಾಲು ಕೆಳಗಿಳಿಯುತ್ತ ಬಂದಳು. ಪೆನ್ಸಿಲ್ ಒಂದೆಡೆ ನಿಂತಿತು. ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದಳು.

ಅಕ್ಟೋಬರ್ 1. ಕಡಿತ 300.00. ಬಾಕಿ 3,99,812.40.

ಅದು ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ. ಕಾರ್ಡು ಕೊಟ್ಟ ತಿಂಗಳು ಬಂದಾಗ ಬ್ಯಾಂಕು ತಾನೇ ಮುರಿದುಕೊಂಡಿತ್ತು. ಹಿಂದಿನ ವರ್ಷಗಳಲ್ಲಿ ಖಾತೆಯಲ್ಲಿ ಮೂವತ್ತು ಸಾವಿರ ಹೆಚ್ಚಿಗೆ ಇರುತ್ತಿದ್ದುದರಿಂದ ಈ ಮುನ್ನೂರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ಊರಿನಲ್ಲಿ ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಹಣ ಬೇಕಾಯಿತು. ಗೆಳೆಯ ಭರಣಿಯ ಕಂಠದವರೆಗೆ ಬಿಟ್ಟು ಮೇಲಿದ್ದದ್ದನ್ನೆಲ್ಲ ತೆಗೆದು ಕಳಿಸಿದ. ಉಳಿಸಿದ್ದು 4,00,112 ಬಾತ್, 40 ಸತಾಂಗ್ (ರೂಪಾಯಿಗೆ ಪೈಸೆ ಇದ್ದ ಹಾಗೆ ಬಾತಿಗೆ ಸತಾಂಗ್). ನಾಲ್ಕು ಲಕ್ಷಕ್ಕೆ ಕೈ ಹಾಕಿಲ್ಲವಲ್ಲ ಎಂಬ ಧೈರ್ಯ. ಅಕ್ಟೋಬರ್ 20ರಂದು ಸಂಬಳದಿಂದ 5,000 ಹಾಕಿದ, ಅದೂ ಬೇರೆ ಏನೋ ಕಾರಣಕ್ಕೆ. ನಡುವಿನ ಹತ್ತೊಂಬತ್ತು ದಿನ ಖಾತೆ 187 ಬಾತ್, 60 ಸತಾಂಗ್ ಕಡಿಮೆಯಿತ್ತು.

'ಮೈ ದಾಯ್' ಎಂದಳು ಅಧಿಕಾರಿ. ಆಗುವುದಿಲ್ಲ.

ಮೇಜಿನ ಮುಂದೆ

ಗೆಳೆಯ ಗಣಿತದ ಮೇಷ್ಟ್ರು, ವಾದಕ್ಕಿಳಿದ. ಈಗ ನಾಲ್ಕು ಲಕ್ಷ ಐದು ಸಾವಿರ ಇದೆಯಲ್ಲ? ಸಂಬಳ ಮೂವತ್ತೆರಡು ಸಾವಿರ ಬರುತ್ತದಲ್ಲ, ಎರಡನ್ನೂ ಸೇರಿಸಿದರೆ ನಿಮ್ಮ ನಿಯಮಕ್ಕಿಂತ ಹೆಚ್ಚೇ ಆಗುತ್ತದಲ್ಲ? ಅವಳು ತಲೆಯಾಡಿಸಿದಳು. ಆದಾಯ ಮತ್ತು ಠೇವಣಿಯನ್ನು ಕೂಡಿಸಿ ತೋರಿಸುವ ಅವಕಾಶ ಇರುವುದು ಐವತ್ತು ದಾಟಿದವರ ನಿವೃತ್ತಿಯ ಬಗೆಯಲ್ಲಿ. ಅಲ್ಲಿ ಮೊತ್ತವೂ ಬೇರೆ, ಎಂಟು ಲಕ್ಷ. ಮದುವೆಯ ಬಗೆಯಲ್ಲಿ ಒಂದೋ ಇದು, ಇಲ್ಲವೇ ಅದು.

ಅವನ ದನಿ ಒಂದು ಸುತ್ತು ಏರಿತು. ನೂರಾ ಎಂಬತ್ತೇಳು ಬಾತಿಗೆ ನನ್ನ ಹೆಂಡತಿಯನ್ನು ಬಿಟ್ಟು ಹೋಗಬೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇದು ಮೊದಲ ತಿರುವು. ಹೆಂಡತಿ ಮೇಜಿನ ಕೆಳಗೆ ಅವನ ಮೊಣಕಾಲು ಒತ್ತಿದಳು, ನನಗೆ ಕಾಣಿಸಿತು. ಆಮೇಲೆ ಅಧಿಕಾರಿಯ ಕಡೆ ಸ್ವಲ್ಪ ಬಾಗಿ, ಮೆಲ್ಲಗೆ, 'ಹಾಗಾದರೆ ಹೇಗೆ ಮಾಡಿದರೆ ಒಳ್ಳೆಯದು, ಅಕ್ಕ?' ಎಂದು ಥಾಯ್‌ನಲ್ಲಿ ಕೇಳಿದಳು.

ಗೆಳೆಯ ಕೇಳಿದ್ದೆಲ್ಲ 'ಯಾಕೆ'. ಅವಳು ಕೇಳಿದ್ದು 'ಹೇಗೆ'. 'ಯಾಕೆ' ಎಂಬುದಕ್ಕೆ ಆ ಮೇಜಿನ ಮೇಲೆ ಉತ್ತರವಿರಲಿಲ್ಲ, ಏಕೆಂದರೆ ನಿಯಮ ಬರೆದವರು ಅಲ್ಲಿ ಕೂತವರಲ್ಲ. ಮದುವೆಯ ಅರ್ಜಿಗೆ ಒಪ್ಪಿಗೆ ಕೊಡುವುದೂ ಅಲ್ಲಿ ಕೂತವರಲ್ಲ, ಕಡತ ಮೇಲಿನ ಕಚೇರಿಗೆ ಹೋಗುತ್ತದೆ. ಬಾಕಿ ಕಡಿಮೆ ಬಿದ್ದ ಕಡತ ಕಳಿಸಿದರೆ ಮೊದಲು ಬೈಸಿಕೊಳ್ಳುವವಳು ಈ ಅಧಿಕಾರಿ. 'ಹೇಗೆ' ಎಂದು ಕೇಳಿದ ಮೇಲೆ ಅವಳ ಮುಖ ಬದಲಾಯಿತು. ಟೋಕನ್ನಿನ ಹಿಂಬದಿಯಲ್ಲಿ '60' ಎಂದು ಬರೆದು ಸುತ್ತ ಒಂದು ಗೆರೆ ಎಳೆದಳು.

ಥಾಯ್ ಹೆಂಡತಿ, ಗಂಡ ಅಥವಾ ಮಕ್ಕಳನ್ನು ಭೇಟಿಯಾಗಲು ವಿದೇಶಿಗೆ ಅರವತ್ತು ದಿನದವರೆಗೆ ಒಂದು ಸಲ ವಿಸ್ತರಣೆ ಕೊಡುವ ಅವಕಾಶ ವಲಸೆ ಇಲಾಖೆಯ ಆದೇಶದಲ್ಲಿದೆ. ಅದಕ್ಕೆ ಬ್ಯಾಂಕ್ ಬಾಕಿ ಬೇಡ. ಮದುವೆಯ ಕಾಗದ, ಹೆಂಡತಿಯ ಹಾಜರಿ, ಅದೇ ಟಿಎಂ-7, ಅದೇ 1,900 ಬಾತ್ ಶುಲ್ಕ, ಮುದ್ರೆ ಅಂದೇ ಬೀಳುತ್ತದೆ. ಆ ಅರವತ್ತು ದಿನದಲ್ಲಿ ಹಣ ಮಾಗುತ್ತದೆ, ಆಮೇಲೆ ವರ್ಷದ ಅರ್ಜಿ ಹಾಕಬಹುದು. ಈ ದಾರಿ ಗೋಡೆಯ ಮೇಲಿನ ಫಲಕದಲ್ಲಿ ಇರಲಿಲ್ಲ. ಕೇಳದಿದ್ದರೆ ಅವಳಾಗಿ ಹೇಳುತ್ತಿದ್ದಳೋ ಇಲ್ಲವೋ. ಕೇಳಿದ್ದರಿಂದ ಹೇಳಿದಳು.

ಮೂರು ದಾರಿ

ಗೆಳೆಯ ಅಂದೇ ಒಪ್ಪಲಿಲ್ಲ. ಒಂದು ರಾತ್ರಿ ಯೋಚಿಸುತ್ತೇನೆ ಎಂದ. ಹೊರಗೆ ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ ನಿಂತಾಗ ಇನ್ನೆರಡು ದಾರಿಗಳು ತಾವಾಗಿ ಎದುರಾದವು.

ಒಂದು, ಏಜೆಂಟ್. ಅಂಗಡಿಯ ಪಕ್ಕದಲ್ಲೇ ಕೂತಿದ್ದ ಆತ ಮುಖ ನೋಡಿಯೇ ಕಥೆ ಊಹಿಸಿದ್ದ. ಪಾಸ್‌ಪೋರ್ಟ್ ಬಿಟ್ಟು ಹೋಗಿ, ಬ್ಯಾಂಕಿನ ಕಾಗದದ ಚಿಂತೆ ನಮಗಿರಲಿ, ವಾರದಲ್ಲಿ ಮುದ್ರೆ ಬೀಳುತ್ತದೆ ಎಂದ. ಹೇಳಿದ ಮೊತ್ತ ಗೆಳೆಯನ ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು. ಎಷ್ಟೋ ಜನ ಈ ದಾರಿ ಹಿಡಿಯುತ್ತಾರೆ, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ ಕೂಡ. ಗೆಳೆಯನೂ ಅರ್ಧ ಗಂಟೆ ಅತ್ತಲೇ ವಾಲಿದ್ದ. ಬೇಡವೆಂದದ್ದು ಹೆಂಡತಿ. ಅವಳ ಕಾರಣ ಸರಳವಾಗಿತ್ತು: ಆ ಕಡತದಲ್ಲಿ ತನ್ನ ಸಹಿಯೂ ಇರುತ್ತದೆ, ಸುಳ್ಳು ಬಯಲಾದರೆ ಇವನು ವಿಮಾನ ಹತ್ತುತ್ತಾನೆ, ತಾನು ಇದೇ ಊರಿನಲ್ಲಿ ಬಟ್ಟೆ ಹೊಲಿಯುತ್ತ ಇರಬೇಕು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ಮಾತು ಅದೇ ಅನಿಸಿತು. ವಿದೇಶಿ ಗಂಡಂದಿರು ಏಜೆಂಟಿನ ಲಾಭನಷ್ಟ ಲೆಕ್ಕ ಹಾಕುವಾಗ ಹೆಂಡತಿಯ ಪಾಲಿನ ನಷ್ಟವನ್ನು ಸೇರಿಸುವುದು ಅಪರೂಪ.

ಇನ್ನೊಂದು ದಾರಿ ಮೆಕಾಂಗ್ ನದಿ ದಾಟುವುದು. ಲಾವೋಸಿನ ಸವನ್ನಖೇಟ್‌ನಲ್ಲಿರುವ ಥಾಯ್ ಕಾನ್ಸುಲೇಟ್ ಮದುವೆಯಾದವರ ವೀಸಾಕ್ಕೆ ಆಗ ಹೆಸರಾಗಿದ್ದ ಜಾಗ. ಹೋಗಿ ತೊಂಬತ್ತು ದಿನದ ಹೊಸ ವೀಸಾ ತಂದರೆ ಮತ್ತೆ ಮೊದಲಿನಿಂದ ಶುರು. ಆದರೆ ಹಾಗೆ ಹೊಸ ವೀಸಾದ ಮೇಲೆ ಬಂದರೆ ಹಳೆಯ ಅನುಮತಿ ಅಲ್ಲಿಗೇ ಸತ್ತ ಹಾಗೆ. ಅದರ ಜತೆ ಕೆಲಸದ ಪರವಾನಗಿಯ ಗತಿಯೂ ಡೋಲಾಯಮಾನ. ಎರಡನೆಯ ಅವಧಿಯ ಪಾಠ ಆಗಷ್ಟೇ ಶುರುವಾಗಿತ್ತು. ಕೆಲಸವಿಲ್ಲದವನಿಗೆ ಇದು ಒಳ್ಳೆಯ ದಾರಿಯಾಗಿರಬಹುದು, ಇವನಿಗಲ್ಲ.

ನವೆಂಬರ್ 4ರಂದು ಮತ್ತೆ ಅದೇ ಮೇಜು. ಅರವತ್ತು ದಿನ ಅರ್ಜಿ ಹಾಕಿದ ದಿನದಿಂದಲ್ಲ, ಇದ್ದ ಅನುಮತಿ ಮುಗಿಯುವ ದಿನದಿಂದ ಲೆಕ್ಕ. ಆದ್ದರಿಂದ ಬೇಗ ಹಾಕಿದರೆ ನಷ್ಟವಿಲ್ಲ. ನವೆಂಬರ್ 14ಕ್ಕೆ ಅರವತ್ತು ಸೇರಿ ಜನವರಿ 13 ಆಯಿತು. ಮುದ್ರೆಯ ಕಾರಣ: ಥಾಯ್ ಹೆಂಡತಿಯ ಭೇಟಿ. ಎಂಟು ವರ್ಷದಿಂದ ಒಂದೇ ಸೂರಿನಡಿ ಬಾಳುತ್ತಿರುವವನು ಕಾಗದದಲ್ಲಿ ಹೆಂಡತಿಯನ್ನು ನೋಡಿಕೊಂಡು ಹೋಗಲು ಬಂದ ಬೀಗನಾದ. ಥಾಯ್ ಜನ ಬಿಳಿಯರನ್ನು 'ಫರಂಗ್' ಎನ್ನುತ್ತಾರೆ. ಸೀಬೆ ಹಣ್ಣಿಗೂ ಅದೇ ಹೆಸರು, ನಾವು ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದ ಹಾಗೆ. ಭಾರತೀಯರನ್ನು 'ಖೇಕ್' ಎನ್ನುತ್ತಾರೆ, ಅದಕ್ಕೆ ಅತಿಥಿ ಎಂಬ ಅರ್ಥವೂ ಇದೆ. ಅತ್ತೆಗೆ ಈ ವಿಷಯ ತಿಳಿದಾಗ ಎರಡು ತಿಂಗಳು ಅವನನ್ನು ಆ ಪದದಿಂದಲೇ ಕರೆದು ನಕ್ಕರು.

ಹಣದ ಎರಡು ತಿಂಗಳು ಯಾವಾಗಿನಿಂದ ಎಂಬುದು ಮುಂದಿನ ಪ್ರಶ್ನೆ. ಗೆಳೆಯ ನವೆಂಬರ್ 2ರಿಂದ ಎಂದುಕೊಂಡು, ಜನವರಿ 2ರವರೆಗೆ ಕಾಯಬೇಕಲ್ಲ, ಹೊಸ ವರ್ಷದ ರಜೆ ಕಳೆದು ಉಳಿಯುವುದೇ ಕೆಲವು ದಿನ ಎಂದು ಹೆದರಿದ್ದ. ಅಧಿಕಾರಿ ಪುಸ್ತಕ ನೋಡಿ ಅಕ್ಟೋಬರ್ 20ರ ಸಾಲಿಗೆ ಗೆರೆ ಹಾಕಿದಳು. ಬಾಕಿ ನಾಲ್ಕು ಲಕ್ಷ ದಾಟಿದ್ದು ಅಂದು, ಹಾಗಾಗಿ ಮಾಗುವುದು ಡಿಸೆಂಬರ್ 20ಕ್ಕೆ. ಬೇರೆ ಏನೋ ಕಾರಣಕ್ಕೆ ಹಾಕಿದ ಆ ಐದು ಸಾವಿರ ಹದಿಮೂರು ದಿನ ಉಳಿಸಿಕೊಟ್ಟಿತ್ತು.

ಎರಡನೆಯ ಅರ್ಜಿ

ಡಿಸೆಂಬರ್ 20ಕ್ಕೇ ಹೋಗೋಣ ಎಂದ ಗೆಳೆಯ. ಮೂರು ದಿನ ಬಿಟ್ಟು ಹೋಗೋಣ ಎಂದಳು ಹೆಂಡತಿ. ಎರಡು ತಿಂಗಳು ಎಂದರೆ ಅರವತ್ತು ದಿನವೋ, ಅರವತ್ತೊಂದೋ, ಹಣ ಹಾಕಿದ ದಿನ ಸೇರುತ್ತದೋ ಇಲ್ಲವೋ ಎಂಬ ತರ್ಕಕ್ಕೆ ಅವಕಾಶ ಕೊಡುವುದು ಬೇಡ ಎಂಬುದು ಅವಳ ವಾದ. 23ಕ್ಕೆ ಹೋದರು.

ಅಷ್ಟರಲ್ಲಿ ಅಕ್ಟೋಬರಿನಲ್ಲಿ ತೆಗೆಸಿದ ಕೊ ರೊ 2 ಹಳತಾಗಿತ್ತು. ಆಂಫೋಗೆ ಹೋಗಿ ಹೊಸದು ತಂದರು. ಬ್ಯಾಂಕಿನ ಪತ್ರವೂ ಹೊಸದು. ಅರ್ಜಿಯ ದಿನ ಬೆಳಿಗ್ಗೆ ಖಾತೆಗೆ ನೂರು ಬಾತ್ ಹಾಕಿ ಪುಸ್ತಕದಲ್ಲಿ ಅಂದಿನ ದಿನಾಂಕದ ಸಾಲು ಮೂಡಿಸಿಕೊಂಡರು. ಈ ನೂರು ಬಾತಿನ ಉಪಾಯ ಅಲ್ಲಿನ ಹಳಬರಿಗೆಲ್ಲ ಗೊತ್ತು. ಹಣ ಇವತ್ತೂ ಇದೆ ಎಂಬುದಕ್ಕೆ ಪುಸ್ತಕವೇ ಸಾಕ್ಷಿಯಾಗುತ್ತದೆ.

ಫೋಟೋಗಳ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯ ಸಂಖ್ಯೆಯ ಫಲಕ ಕಾಣುವಂತೆ ಗೇಟಿನ ಮುಂದೆ ಒಂದು, ಒಳಗೆ ಕೂತದ್ದು, ಅಡುಗೆಮನೆಯದು, ಮಲಗುವ ಕೋಣೆಯದು. ಹಿಂದಿನ ಸಲ ಎಲ್ಲವನ್ನೂ ಒಂದೇ ಮಧ್ಯಾಹ್ನ ತೆಗೆದಿದ್ದರು. ಎಲ್ಲದರಲ್ಲೂ ಗೆಳೆಯನ ಮೈಮೇಲೆ ಅದೇ ಇಸ್ತ್ರಿ ಮಾಡಿದ ನೀಲಿ ಅಂಗಿ, ಮುಖದಲ್ಲಿ ಅದೇ ಪಾಸ್‌ಪೋರ್ಟ್ ನಗು. ಈ ಸಲ ಹೆಂಡತಿ ಎರಡು ತಿಂಗಳ ಉದ್ದಕ್ಕೂ ಆಗೊಂದು ಈಗೊಂದು ತೆಗೆಸಿದ್ದಳು. ಒಂದರಲ್ಲಿ ಅವನು ಬನಿಯನ್ನಿನಲ್ಲಿ ಗೇಟಿಗೆ ಎಣ್ಣೆ ಬಿಡುತ್ತಿದ್ದಾನೆ, ಬೀದಿನಾಯಿ ಕಾಲ ಬಳಿ ಮಲಗಿದೆ, ಮನೆಯ ಸಂಖ್ಯೆ ಅವನ ಕಿವಿಯ ಪಕ್ಕ ಸ್ಪಷ್ಟವಾಗಿ ಕಾಣುತ್ತಿದೆ. ಅಧಿಕಾರಿ ಅದನ್ನು ನೋಡಿ ಮೊದಲ ಬಾರಿಗೆ ನಕ್ಕಳು.

ಪೆನ್ಸಿಲ್ ಮತ್ತೆ ಅಕ್ಟೋಬರ್ 20ರಿಂದ ಕೆಳಗಿಳಿಯಿತು. ಎಲ್ಲಿಯೂ ನಿಲ್ಲಲಿಲ್ಲ.

ಅಂದು ಬಿದ್ದದ್ದು ವರ್ಷದ ಮುದ್ರೆಯಲ್ಲ, 'ಪರಿಶೀಲನೆಯಲ್ಲಿದೆ' ಎಂಬ ಮುದ್ರೆ. ಫೆಬ್ರುವರಿ 12ಕ್ಕೆ ಬಂದು ಫಲಿತಾಂಶ ತಿಳಿದುಕೊಳ್ಳಬೇಕು. ನಿವೃತ್ತರಿಗೆ ಸಾಮಾನ್ಯವಾಗಿ ಅಂದೇ ಕೆಲಸ ಮುಗಿಯುತ್ತದೆ, ಮದುವೆಯಾದವರಿಗೆ ಮಾತ್ರ ಈ ತಿಂಗಳ ಕಾಯುವಿಕೆ. ಆ ನಡುವೆ ಹಣ ತೆಗೆಯದಿರುವುದೇ ಕ್ಷೇಮ. ದೇಶ ಬಿಟ್ಟು ಹೋಗಬೇಕಾದರೆ ಮರುಪ್ರವೇಶದ ಪರವಾನಗಿ ಮೊದಲೇ ಪಡೆಯಬೇಕು, ಮುದ್ರೆಯ ದಿನಾಂಕದೊಳಗೆ ವಾಪಸಾಗಬೇಕು. ತಪ್ಪಿದರೆ ಎಲ್ಲವೂ ಮಣ್ಣುಪಾಲು. ಸಂಕ್ರಾಂತಿಗೆ ಬಂದು ಅಪ್ಪನನ್ನು ನೋಡಿ ಹೋಗು ಎಂದು ಊರಿನಿಂದ ಕರೆ ಮೇಲೆ ಕರೆ ಬರುತ್ತಿತ್ತು. ಒಂದು ವಾರದ ಮಟ್ಟಿಗೆ ಹೋಗಬಹುದಿತ್ತು, ನಿಯಮದಲ್ಲಿ ಅಡ್ಡಿಯಿರಲಿಲ್ಲ. ಆದರೆ ಗಂಡಹೆಂಡಿರು ಒಟ್ಟಿಗಿದ್ದಾರೆಯೇ ಎಂದು ನೋಡಲು ವಲಸೆ ಅಧಿಕಾರಿಗಳು ಅದೇ ವಾರ ಮನೆ ತಪಾಸಣೆಗೆ ಬಂದು ಗಂಡ ಇಲ್ಲ ಎಂದಾದರೆ? ಅವನು ಹೋಗಲಿಲ್ಲ. ಈ ನಿರ್ಧಾರದ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಇಂದಿಗೂ ಒಮ್ಮತವಿಲ್ಲ. ಹೋಗಿ ಬರಬೇಕಿತ್ತು, ಹೋಗುವ ಮುನ್ನ ಕಚೇರಿಗೆ ಒಂದು ಮಾತು ತಿಳಿಸಿದ್ದರೆ ಸಾಕಿತ್ತು ಎಂಬುದು ನನ್ನ ನಿಲುವು.

ತಪಾಸಣೆ ಜನವರಿಯ ಮೂರನೆಯ ವಾರದಲ್ಲಿ ಬಂತು. ಇಬ್ಬರು ಅಧಿಕಾರಿಗಳು, ಒಂದು ಕ್ಯಾಮರಾ. ಊರ ಮುಖ್ಯಸ್ಥನನ್ನು, ಅವನನ್ನು 'ಪೂ ಯಾಯ್ ಬಾನ್' ಎನ್ನುತ್ತಾರೆ, ಮೊದಲೇ ಮಾತಾಡಿಸಿಕೊಂಡು ಬಂದಿದ್ದರು. ಪಕ್ಕದ ಮನೆಯ ಮುದುಕಿಯ ಹೇಳಿಕೆ ಬರೆದುಕೊಂಡರು. ಅಡುಗೆಮನೆಯ ಮೊಳೆಗೆ ಎರಡು ಕ್ಯಾಲೆಂಡರ್ ತೂಗುತ್ತಿದ್ದವು, ಒಂದು ಕ್ರಿಸ್ತಶಕದ ಇಸವಿ ಇರುವ ನಮ್ಮ ಕನ್ನಡದ್ದು, ಇನ್ನೊಂದು ಬುದ್ಧ ಶಕೆಯದು, ಎರಡರ ನಡುವೆ 543 ವರ್ಷದ ಅಂತರ. ಹಿರಿಯ ಅಧಿಕಾರಿ ಕನ್ನಡ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ಇದು ಖಮೇರ್ ಲಿಪಿಯೇ ಎಂದು ಕೇಳಿದ. ಅಲ್ಲ, ಇದು ಗಂಡನ ಊರಿನದು ಎಂದು ಹೆಂಡತಿ ಹೇಳಿದಳು. ಆತ ಅದರ ಫೋಟೋವನ್ನೂ ತೆಗೆದುಕೊಂಡ. ಒಟ್ಟು ಇಪ್ಪತ್ತು ನಿಮಿಷ. ಅತ್ತೆ ಕೊಟ್ಟ ತಣ್ಣೀರು ಕುಡಿದು ಹೊರಟರು.

ಫೆಬ್ರುವರಿ 12ರಂದು ಮುದ್ರೆ ಬಿತ್ತು, ಮುಂದಿನ ಜನವರಿ 13ರವರೆಗೆ. ವರ್ಷದ ಅನುಮತಿ ಹಳೆಯದು ಮುಗಿದ ದಿನದಿಂದಲೇ ಎಣಿಕೆಯಾಗುವುದರಿಂದ ಕೈಗೆ ಸಿಗುವ ಹೊತ್ತಿಗೆ ಹನ್ನೊಂದೇ ತಿಂಗಳು ಉಳಿದಿರುತ್ತದೆ. ಅಂದೇ ಅವನು 3,800 ಬಾತ್ ಕೊಟ್ಟು ಎಷ್ಟು ಸಲ ಬೇಕಾದರೂ ಹೋಗಿ ಬರುವ ಮರುಪ್ರವೇಶದ ಪರವಾನಗಿ ತೆಗೆಸಿದ. ಮಾರ್ಚಿನಲ್ಲಿ ಶಾಲೆ ಮುಗಿದ ಮರುದಿನ ಊರಿಗೆ ಹೋದ. ಅಪ್ಪ ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಿದ್ದರು.

ಏನು ಬೇರೆಯಾಗಬಹುದಿತ್ತು

ಬೇಗ ಹೋಗಿದ್ದರೆ ಈ ಪಾಡು ಬರುತ್ತಿರಲಿಲ್ಲ ಎಂದು ಎಲ್ಲರೂ ಅವನಿಗೆ ಹೇಳಿದರು. ದಿನಾಂಕಗಳನ್ನು ಮುಂದಿಟ್ಟುಕೊಂಡು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅಕ್ಟೋಬರ್ 15ಕ್ಕೇ ಹೋಗಿದ್ದರೂ ಅಕ್ಟೋಬರ್ 1ರ ಕಡಿತ ಅಲ್ಲೇ ಇರುತ್ತಿತ್ತು. ಅಂದೇ ಹಣ ತುಂಬಿದ್ದರೂ ಎರಡು ತಿಂಗಳು ತುಂಬುವುದು ಡಿಸೆಂಬರ್ ನಡುವಿಗೆ, ಅನುಮತಿ ಮುಗಿಯುವುದು ನವೆಂಬರ್ 14ಕ್ಕೆ. ಅರವತ್ತು ದಿನದ ದಾರಿ ಹಿಡಿಯಲೇಬೇಕಿತ್ತು. ಬೇಗ ಹೋಗಿದ್ದರೆ ಗಾಬರಿ ಕಡಿಮೆಯಾಗುತ್ತಿತ್ತು, ಅಷ್ಟೇ. ತಪ್ಪು ನಡೆದದ್ದು ಸೆಪ್ಟೆಂಬರಿನಲ್ಲಿ, 112 ಬಾತಿನ ಅಂತರ ಸಾಕು ಎಂದುಕೊಂಡಾಗ. ಖಾತೆಯಿಂದ ತಾನಾಗಿ ಮುರಿಯುವ ಮೊತ್ತಗಳು ಯಾವುವು ಎಂದು ಅವನು ಆಗ ಕೇಳಿಕೊಂಡಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿರುವಾಗ ಯಾರು ತಾನೇ ಕೇಳಿಕೊಳ್ಳುತ್ತಾರೆ?

ಪ್ರತಿ ಕಚೇರಿಗೂ ಅದರದೇ ಕಾನೂನು ಎಂಬ ದೂರು ಅಲ್ಲಿನ ವಿದೇಶಿಯರ ಬಾಯಲ್ಲಿ ಸದಾ ಇರುತ್ತದೆ. ಅರ್ಧ ನಿಜ. ವಲಸೆ ಕಾಯ್ದೆ ಒಂದೇ, 1979ರದು. ಆದೇಶಗಳೂ ಒಂದೇ. ಎಷ್ಟು ಫೋಟೋ, ಎಷ್ಟು ಕಟ್ಟು, ಸಾಕ್ಷಿ ಬೇಕೆ ಬೇಡವೆ ಎಂಬುದು ಮೇಜಿಗೆ ತಕ್ಕಂತೆ ಬದಲಾಗುತ್ತದೆ. ವಿದೇಶಿ ತಂಗಿದ್ದಾನೆಂದು ಮನೆಯ ಯಜಮಾನರು ತಿಳಿಸುವ ಟಿಎಂ-30 ನಮೂನೆಯ ವಿಷಯದಲ್ಲಿ 2019ರಲ್ಲಿ ದೊಡ್ಡ ಗದ್ದಲವೇ ಆಗಿ ಮರುವರ್ಷ ನಿಯಮ ಸಡಿಲವಾಯಿತು. ಆದರೂ ಕೆಲವೆಡೆ ಅದರ ರಸೀದಿ ಕೇಳುತ್ತಾರೆ, ಹಾಗಾಗಿ ಇವರು ಅದನ್ನು ಪಾಸ್‌ಪೋರ್ಟಿನಲ್ಲೇ ಪಿನ್ ಹಾಕಿ ಇಟ್ಟಿದ್ದಾರೆ. ಆದರೆ ಹಣದ ಎರಡು ತಿಂಗಳಿನ ವಿಷಯದಲ್ಲಿ ಯಾವ ಮೇಜೂ ಬಗ್ಗುವುದನ್ನು ನಾನು ಕಂಡಿಲ್ಲ. ಬಗ್ಗುವ ಜಾಗ ಯಾವುದು, ಬಗ್ಗದ ಜಾಗ ಯಾವುದು ಎಂದು ಮೊದಲೇ ತಿಳಿದಿದ್ದರೆ ಗೆಳೆಯ ಆ ಬೆಳಿಗ್ಗೆ ಅಷ್ಟು ಹೊತ್ತು ವಾದಿಸುತ್ತಿರಲಿಲ್ಲ.

ಖರ್ಚಾದದ್ದು ಹೆಚ್ಚುವರಿ 1,900 ಬಾತ್, ಎರಡು ದಿನದ ರಜೆ, ಆಂಫೋಗೆ ಒಂದು ಓಡಾಟ, ಕೆಲಸದ ಪರವಾನಗಿಯ ದಿನಾಂಕ ಸರಿಪಡಿಸಲು ಶಾಲೆಯ ಗುಮಾಸ್ತೆಯ ಎರಡು ಓಡಾಟ, ಒಂದು ಸಂಕ್ರಾಂತಿ. ಅವರ ವರ್ಷದ ಗಡಿ ನವೆಂಬರಿನಿಂದ ಜನವರಿಗೆ ಶಾಶ್ವತವಾಗಿ ಸರಿದಿದೆ. ಈಗ ಹಣ ಮಾಗುವ ತಿಂಗಳುಗಳು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ. ಹೆಂಡತಿ ಎರಡೂ ಕ್ಯಾಲೆಂಡರುಗಳಲ್ಲಿ ಆ ದಿನಗಳಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ.

ಊರಿನಿಂದ ಮರಳಿದ ವಾರವೇ ಗೆಳೆಯ ಬ್ಯಾಂಕಿಗೆ ಹೋಗಿ ಆ ಖಾತೆಯ ಎಟಿಎಂ ಕಾರ್ಡನ್ನು ರದ್ದು ಮಾಡಿಸಿದ. ಬಾಕಿಯನ್ನು ನಾಲ್ಕು ಲಕ್ಷ ಹತ್ತು ಸಾವಿರಕ್ಕೆ ಏರಿಸಿದ. ಗಾಜಿನಾಚೆ ಕೂತಿದ್ದ ಹುಡುಗಿ ಕಾರ್ಡನ್ನು ಕತ್ತರಿಸಿ ಬುಟ್ಟಿಗೆ ಹಾಕಿ, ಡ್ರಾಯರಿನಿಂದ ಬಣ್ಣದ ಕರಪತ್ರ ತೆಗೆದು ಮುಂದಿಟ್ಟಳು. ಅಪಘಾತ ವಿಮೆ ಸೇರಿದ ಹೊಸ ಕಾರ್ಡು ಬಂದಿದೆ ಸಾರ್, ವರ್ಷದ ಶುಲ್ಕ ಖಾತೆಯಿಂದಲೇ ಮುರಿಯುತ್ತದೆ, ನೀವು ಏನೂ ಮಾಡಬೇಕಾಗಿಲ್ಲ ಎಂದಳು.